ಸೂಟ್‌ಕೇಸ್ ಪ್ಲೇಯರ್ ಆದ ಮೇಲೆ ಏನು? ಹೊಸ ರೆಕಾರ್ಡ್ ಕೇಳುಗರಿಗೆ ನೆರವಾಗುವವರಿಗೊಂದು ಹೋಲಿಕೆಯ ಮಾರ್ಗದರ್ಶಿ

ಮನೆಯ ಹುಡುಗನಿಗೋ ಹುಡುಗಿಗೋ ರೆಕಾರ್ಡ್ ಕೇಳುವ ಆಸೆ ಹುಟ್ಟಿದಾಗ ಮೊದಲು ಬರುವುದು ಸಾಮಾನ್ಯವಾಗಿ ಸೂಟ್‌ಕೇಸ್ ಆಕಾರದ, ಮುಚ್ಚಳ ತೆರೆದರೆ ಹಾಡುವ, ಸ್ಪೀಕರುಗಳನ್ನೂ ತನ್ನೊಳಗೇ ಇಟ್ಟುಕೊಂಡ ಪುಟ್ಟ ಪ್ಲೇಯರ್. ಅದು ಹುಟ್ಟುಹಬ್ಬದ ಉಡುಗೊರೆಯಾಗಿ ಬಂದಿರುತ್ತದೆ, ಇಲ್ಲವೇ ಕೈಖರ್ಚಿನ ಹಣ ಉಳಿಸಿ ಆನ್‌ಲೈನಿನಲ್ಲಿ ತರಿಸಿದ್ದಾಗಿರುತ್ತದೆ. ಕೆಲವು ತಿಂಗಳು ಕಳೆಯುವಷ್ಟರಲ್ಲಿ ಅಜ್ಜನ ಕಾಲದ ಚಿತ್ರಗೀತೆಗಳ ಇ.ಪಿ.ಗಳು (ಏಳು ಇಂಚಿನ ಚಿಕ್ಕ ತಟ್ಟೆಗಳು) ಅಟ್ಟದಿಂದ ಇಳಿಯುತ್ತವೆ, ಹೊಸ ಎಲ್.ಪಿ.ಗಳು (ಹನ್ನೆರಡು ಇಂಚಿನ ದೊಡ್ಡ ತಟ್ಟೆಗಳು) ಒಂದೆರಡು ಸೇರುತ್ತವೆ, ಆಗ ಕಿವಿಗೆ ಏನೋ ಸಾಲದು ಅನಿಸತೊಡಗುತ್ತದೆ. ಮುಂದೇನು ಕೊಳ್ಳಬೇಕು ಎಂದು ಆ ಮಗು ಬಂದು ಕೇಳುವುದು ಅಪ್ಪನನ್ನೋ ಅಕ್ಕನನ್ನೋ ಸೋದರಮಾವನನ್ನೋ ಆದ್ದರಿಂದ, ಈ ಬರಹವನ್ನು ಉತ್ತರ ಹೇಳಬೇಕಾದ ಆ ಹಿರಿಯರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಈಗಿರುವುದು ಸೂಟ್‌ಕೇಸ್ ಪ್ಲೇಯರ್ ಆಗಿದ್ದರೆ ಮೊದಲು ಬದಲಾಗಬೇಕಾದದ್ದು ಪ್ಲೇಯರ್. ಆದರೆ ಅದಕ್ಕಾಗಿ ಇರುವ ಹಣವನ್ನೆಲ್ಲ ಸುರಿಯುವ ಅಗತ್ಯವಿಲ್ಲ. ತಟ್ಟೆಗೆ ಹಾನಿ ಮಾಡದಂಥ, ತಟ್ಟೆಯ ಮೇಲೆ ಹರಿದು ಹಾಡನ್ನು ಎತ್ತಿಕೊಳ್ಳುವ ಮುಳ್ಳನ್ನು ಬದಲಿಸಬಹುದಾದಂಥ ಒಂದು ಸರಳ ಟರ್ನ್‌ಟೇಬಲ್ (ಸ್ಪೀಕರ್ ಒಳಗಿಲ್ಲದ ಪ್ಲೇಯರ್) ಸಾಕು, ಉಳಿದ ದೊಡ್ಡ ಪಾಲು ಸ್ಪೀಕರಿಗೆ ಹೋಗಬೇಕು. ಅಂಥ ಟರ್ನ್‌ಟೇಬಲ್ ಈಗಾಗಲೇ ಮನೆಯಲ್ಲಿದ್ದರೆ ಅದನ್ನು ಮುಟ್ಟುವುದೇ ಬೇಡ, ಎಲ್ಲವೂ ಸ್ಪೀಕರಿಗೇ ಹೋಗಲಿ. ಹೆಚ್ಚಿನವರು ಇದಕ್ಕೆ ತಿರುಗುಮುರುಗಾಗಿ ಮಾಡುತ್ತಾರೆ: ಕಣ್ಣಿಗೆ ಕಾಣುವುದು, ತಿರುಗುವುದು ಟರ್ನ್‌ಟೇಬಲ್ ಆದ್ದರಿಂದ ಹಣವೆಲ್ಲ ಅಲ್ಲಿಗೆ ಹೋಗಿ, ಕೊನೆಗೆ ಒಳ್ಳೆಯ ಯಂತ್ರವೊಂದು ಅಂಗೈಯಗಲದ ಬ್ಲೂಟೂತ್ ಡಬ್ಬಿಯ ಮೂಲಕ ಹಾಡಬೇಕಾಗುತ್ತದೆ.

ಮುಳ್ಳಿನ ಭಾರ

ಸೂಟ್‌ಕೇಸ್ ಪ್ಲೇಯರನ್ನು ಬದಲಿಸಬೇಕೆನ್ನುವುದು ಪ್ರತಿಷ್ಠೆಯ ಮಾತಲ್ಲ. ಮುಳ್ಳಿನ ಅದುರನ್ನು ವಿದ್ಯುತ್ ಸಂಕೇತವಾಗಿಸುವ ಭಾಗಕ್ಕೆ ಕಾರ್ಟ್ರಿಜ್ ಎನ್ನುತ್ತಾರೆ; ಇಂಥ ಪ್ಲೇಯರುಗಳಲ್ಲಿ ಬಹುಪಾಲು ಸೆರಾಮಿಕ್ ಕಾರ್ಟ್ರಿಜ್ ಇರುತ್ತದೆ. ತಟ್ಟೆಯ ಮೇಲೆ ಸುರುಳಿಯಾಗಿ ಕೊರೆದ ಗೆರೆಯಾದ ಗ್ರೂವಿನಿಂದ ಸದ್ದನ್ನು ಎತ್ತಿಕೊಳ್ಳಲು ಅದಕ್ಕೆ 5 ಗ್ರಾಮಿನ ಆಸುಪಾಸಿನ ಒತ್ತಡ ಬೇಕು, ತೋಳಿನ ಹಿಂಬದಿಯಲ್ಲಿ ಆ ಭಾರವನ್ನು ಸರಿದೂಗಿಸುವ ಕೌಂಟರ್‌ವೇಟೂ ಇರುವುದಿಲ್ಲ. ಇದಕ್ಕೆ ಎದುರಾಗಿ, ಪುಟ್ಟ ಅಯಸ್ಕಾಂತದಿಂದ ಸಂಕೇತ ಹುಟ್ಟಿಸುವ ಇಂದಿನ ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್‌ಗಳು ಹೆಚ್ಚಾಗಿ 1.5ರಿಂದ 3 ಗ್ರಾಮಿನೊಳಗೆ ಕೆಲಸ ಮಾಡುತ್ತವೆ. ಗ್ರೂವಿನ ಗೋಡೆಗೆ ಮುಳ್ಳು ತಾಗುವ ಜಾಗ ಕೂದಲಿನ ದಪ್ಪಕ್ಕಿಂತ ಎಷ್ಟೋ ಕಿರಿದಾದ್ದರಿಂದ ಗ್ರಾಮಿನ ಈ ವ್ಯತ್ಯಾಸ ಅಲ್ಲಿ ದೊಡ್ಡದೇ ಆಗುತ್ತದೆ. ಒಮ್ಮೆ ಹಾಡಿಸಿದ ಮಾತ್ರಕ್ಕೆ ತಟ್ಟೆ ಹಾಳಾಗುವುದಿಲ್ಲ, ಆ ಭಯ ಅತಿಯಾದದ್ದು. ಆದರೆ ಸವೆದ ಮುಳ್ಳು ಹೆಚ್ಚಿನ ಭಾರದಲ್ಲಿ ಅದೇ ಹಾಡಿನ ಮೇಲೆ ಮತ್ತೆ ಮತ್ತೆ ಹಾದುಹೋದರೆ, ಮೊದಲು ಸವೆಯುವುದು ಗ್ರೂವಿನ ಸೂಕ್ಷ್ಮವಾದ ಮೇಲ್‌ಸ್ಥಾಯಿಯ ಭಾಗ, ಮತ್ತು ಅದು ಹೋದರೆ ಹೋದಂತೆಯೇ.

ನನ್ನ ತಂಗಿಯ ಮಗಳು ತನ್ನ ಪ್ಲೇಯರನ್ನು ತಂದಿದ್ದಾಗ, ಮುಳ್ಳಿನ ಭಾರ ಅಳೆಯುವ ಪುಟ್ಟ ಡಿಜಿಟಲ್ ತಕ್ಕಡಿಯನ್ನು ಅದರ ಕೆಳಗಿಟ್ಟು ತೋರಿಸಿದೆ. ಬೆಂಕಿಪೆಟ್ಟಿಗೆಯಷ್ಟು ದೊಡ್ಡದಾದ ಈ ಸಾಧನಕ್ಕೆ ಕೆಲವೇ ನೂರು ರೂಪಾಯಿ. ಅಂಕಿ 5ನ್ನು ದಾಟಿ ನಿಂತಿತು. ಅದೇ ತಕ್ಕಡಿ ನನ್ನ ಟರ್ನ್‌ಟೇಬಲ್ಲಿನ ಮುಳ್ಳಿನಡಿ 2 ಎಂದಿತು. ‘ಮಾವ, ಹಾಗಾದರೆ ಅಜ್ಜನ ರೆಕಾರ್ಡ್ ಇದರಲ್ಲಿ ಹಾಕಲೇಬಾರದಾ?’ ಎಂದು ಅವಳು ಕೇಳಿದಳು. ಮತ್ತೆ ಸಿಗದ ತಟ್ಟೆಗಳನ್ನು ಹೊಸ ಪ್ಲೇಯರ್ ಬರುವವರೆಗೆ ಎತ್ತಿಟ್ಟಿರು, ಉಳಿದವನ್ನು ಕೇಳುತ್ತಿರು ಎಂದು ಹೇಳಿದೆ. ಯಾರು ಕೇಳಿದರೂ ಇದೇ ಉತ್ತರ ಹೇಳುತ್ತೇನೆ.

ಸೂಟ್‌ಕೇಸ್ ಪ್ಲೇಯರಿಗೆ ಹೊಸ ಮುಳ್ಳು ಹಾಕಿ ಹೊರಗಿನ ಸ್ಪೀಕರ್ ಜೋಡಿಸಿದರೆ ಸಾಲದೇ ಎಂಬ ಪ್ರಶ್ನೆ ಸಹಜವಾಗಿಯೇ ಬರುತ್ತದೆ. ಹಿಂಬದಿಯಲ್ಲಿ ಸದ್ದಿನ ತಂತಿ ಸಿಕ್ಕಿಸುವ ಆರ್‌ಸಿಎ ಕಿಂಡಿಗಳಿದ್ದರೆ ಹಾಗೆ ಮಾಡಬಹುದು, ಸದ್ದು ಖಂಡಿತ ದೊಡ್ಡದಾಗುತ್ತದೆ. ಭಾರ ಮಾತ್ರ ಇಳಿಯುವುದಿಲ್ಲ, ಎಲ್.ಪಿ.ಯ ಅಂಚು ಹೊರಗೆ ಚಾಚಿಕೊಳ್ಳುವಷ್ಟು ಚಿಕ್ಕದಾದ ಪ್ಲಾಸ್ಟಿಕ್ ಪ್ಲ್ಯಾಟರೂ (ತಟ್ಟೆ ಕೂರುವ, ತಿರುಗುವ ಬಿಲ್ಲೆ) ಬದಲಾಗುವುದಿಲ್ಲ. ಆದರೆ ಆ ಸ್ಪೀಕರುಗಳು ಮುಂದೆ ಬರುವ ಟರ್ನ್‌ಟೇಬಲ್ಲಿಗೂ ಆಗುವುದರಿಂದ, ಹಣವನ್ನು ಎರಡು ಕಂತಿನಲ್ಲಿ ಹೊಂದಿಸಬೇಕಾದ ಮನೆಗೆ ಇದು ಒಪ್ಪಬಹುದಾದ ಮೊದಲ ಕಂತು.

ಹೊಸ ಟರ್ನ್‌ಟೇಬಲ್: ಯಾವ ಬಗೆಯ ಕೇಳುಗರಿಗೆ ಯಾವುದು

ಆರಂಭದ ಮಟ್ಟದಲ್ಲಿ ಹೆಚ್ಚಾಗಿ ಕೇಳಿಬರುವ ಹೆಸರು ಆಡಿಯೋ-ಟೆಕ್ನಿಕಾ ಕಂಪನಿಯ ಎಟಿ-ಎಲ್‌ಪಿ60ಎಕ್ಸ್. ಇದು ಬೆಲ್ಟ್‌ನಿಂದ ತಿರುಗುವ, ಪೂರ್ತಿ ಸ್ವಯಂಚಾಲಿತ ಯಂತ್ರ. ಗುಂಡಿ ಒತ್ತಿದರೆ ತೋಳು ತಾನೇ ಎದ್ದು ತಟ್ಟೆಯ ಅಂಚಿಗೆ ಹೋಗಿ ಇಳಿಯುತ್ತದೆ, ಹಾಡು ಮುಗಿದ ಮೇಲೆ ತಾನೇ ಮರಳುತ್ತದೆ. ನಿಮಿಷಕ್ಕೆ 33 ಮತ್ತು 45 ಸುತ್ತಿನ ವೇಗಗಳಿಗೆ ಒಂದು ಗುಂಡಿ, ತಟ್ಟೆ 7 ಇಂಚಿನದೋ 12 ಇಂಚಿನದೋ ಎಂದು ತಿಳಿಸಲು ಇನ್ನೊಂದು. ಕಾರ್ಟ್ರಿಜ್ಜಿನ ಕ್ಷೀಣ ಸಂಕೇತವನ್ನು ಮೊದಲು ಹಿಗ್ಗಿಸುವ ಪ್ರಿಆ್ಯಂಪ್ ಒಳಗೇ ಇದೆ. ಮುಳ್ಳಿನ ಭಾರ ಸುಮಾರು 3 ಗ್ರಾಮಿಗೆ ಕಾರ್ಖಾನೆಯಲ್ಲೇ ನಿಗದಿಯಾಗಿರುತ್ತದೆ. ಕಾರ್ಟ್ರಿಜ್ ತೋಳಿನ ಭಾಗವೇ ಆಗಿರುವುದರಿಂದ ಅದನ್ನು ಬದಲಿಸಲಾಗದು, ಮುಳ್ಳನ್ನು ಮಾತ್ರ ಕೈಯಿಂದಲೇ ಎಳೆದು ತೆಗೆದು ಹೊಸದನ್ನು ಕೂರಿಸಬಹುದು. ಸೋನಿಯ ಪಿಎಸ್-ಎಲ್‌ಎಕ್ಸ್310ಬಿಟಿ ಕೂಡ ಇದೇ ವರ್ಗಕ್ಕೆ ಸೇರಿದ್ದು, ಅದರಲ್ಲಿ ಬ್ಲೂಟೂತ್ ಹೆಚ್ಚುವರಿ.

ಈ ವರ್ಗವನ್ನು ಹಗುರವಾಗಿ ಕಾಣುವವರಿದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. ಹಾಸ್ಟೆಲ್ಲಿನಲ್ಲೋ ಪಿ.ಜಿ.ಯಲ್ಲೋ ಇರುವ ವಿದ್ಯಾರ್ಥಿ ಎಲ್.ಪಿ. ಹಾಕಿ ಓದುತ್ತ ನಿದ್ದೆಹೋದರೆ, ಕೈಯಿಂದ ನಡೆಸುವ ಟರ್ನ್‌ಟೇಬಲ್ಲಿನ ಮುಳ್ಳು ರಾತ್ರಿಯಿಡೀ ಕೊನೆಯ ಗ್ರೂವಿನಲ್ಲಿ ಸುತ್ತುತ್ತ ಸವೆಯುತ್ತದೆ. ಸ್ವಯಂಚಾಲಿತ ಯಂತ್ರದಲ್ಲಿ ಆ ಚಿಂತೆಯಿಲ್ಲ. ಭಾರ ಹೊಂದಿಸುವುದು, ಕಾರ್ಟ್ರಿಜ್ಜಿನ ಕೋನ ಕೂರಿಸುವುದು ಮುಂತಾದ, ತಪ್ಪಿದರೆ ತಟ್ಟೆಗೇ ಕುತ್ತಾಗುವ ಕೆಲಸಗಳೂ ಇಲ್ಲ. ಕಡಿಮೆ ಬಜೆಟ್ಟಿನವರಿಗೆ, ಸಣ್ಣ ವಯಸ್ಸಿನವರಿಗೆ, ಯಂತ್ರವನ್ನು ಹೊಂದಿಸುವುದಕ್ಕಿಂತ ಹಾಡು ಕೇಳುವುದರಲ್ಲೇ ಮನಸ್ಸಿರುವವರಿಗೆ ನನ್ನ ಆಯ್ಕೆ ಇದೇ.

ಅದರ ಮೇಲಿನ ಮೆಟ್ಟಿಲಿನಲ್ಲಿ ಎರಡು ಬೇರೆ ಬೇರೆ ಮನೋಧರ್ಮದ ಯಂತ್ರಗಳು ಎದುರಾಗುತ್ತವೆ. ಒಂದು ಆಡಿಯೋ-ಟೆಕ್ನಿಕಾದ್ದೇ ಎಟಿ-ಎಲ್‌ಪಿ120ಎಕ್ಸ್. ಅದರಲ್ಲಿ ಬೆಲ್ಟ್ ಇಲ್ಲ, ಮೋಟರ್ ನೇರವಾಗಿ ಪ್ಲ್ಯಾಟರನ್ನು ತಿರುಗಿಸುತ್ತದೆ. ಕೌಂಟರ್‌ವೇಟ್ ಇದೆ, ತೋಳನ್ನು ಒಳಬದಿಗೆ ಎಳೆಯುವ ಸೆಳೆತವನ್ನು ಸರಿದೂಗಿಸುವ ಆ್ಯಂಟಿ-ಸ್ಕೇಟ್ ಇದೆ, ತೋಳಿನ ತುದಿಯ, ಬಿಚ್ಚಿ ಹಾಕಬಹುದಾದ ಹೆಡ್‌ಶೆಲ್ಲಿನಲ್ಲಿ ಎಟಿ-ವಿಎಂ95ಇ ಕಾರ್ಟ್ರಿಜ್ ಇದೆ, ಒಳಗೆ ಪ್ರಿಆ್ಯಂಪ್ ಇದ್ದು ಬೇಡವೆಂದರೆ ಆರಿಸಿಬಿಡಬಹುದು. ಇನ್ನೊಂದು ಇಂಗ್ಲೆಂಡಿನ ರೇಗಾ ಕಂಪನಿಯ ಪ್ಲೇನರ್ 1. ಇದು ಬೆಲ್ಟ್ ಯಂತ್ರ, ಗುಂಡಿಗಳ ಗೋಜಿಲ್ಲದ್ದು, ತೋಳು ಬಹಳ ನಯವಾದದ್ದು, ಹೊಂದಿಸುವ ಕೆಲಸವೂ ಕಡಿಮೆ. ಆದರೆ ಒಳಗೆ ಪ್ರಿಆ್ಯಂಪ್ ಇಲ್ಲದಿರುವುದರಿಂದ ಅದರ ಖರ್ಚನ್ನು ಬೇರೆಯಾಗಿ ಸೇರಿಸಿಕೊಳ್ಳಬೇಕು. ಇದೇ ಸಾಲಿನಲ್ಲಿ ತುಸು ಮೇಲೆ ಆರ್ಟೋಫೋನ್ 2ಎಂ ರೆಡ್ ಕಾರ್ಟ್ರಿಜ್ಜಿನೊಂದಿಗೆ ಬರುವ ಪ್ರೊ-ಜೆಕ್ಟ್ ಡೆಬ್ಯೂಟ್ ಕಾರ್ಬನ್ ಇವೊ ಇದೆ.

ಇವುಗಳ ನಡುವೆ ಆರಿಸುವಾಗ ಜನ ಮೋಟರಿನ ಬಗೆಯನ್ನೇ ಹಿಡಿದು ವಾದಿಸುತ್ತಾರೆ. ನಾನು ಮೊದಲು ಕೇಳುವುದು, ಮನೆಯಲ್ಲಿರುವ ತಟ್ಟೆಗಳು ಯಾವುವು ಎಂದು. ಕರ್ನಾಟಕದ ಮನೆಗಳಲ್ಲಿ ಹಿಂದಿನವರಿಂದ ಉಳಿದುಬಂದ ಸಂಗ್ರಹದಲ್ಲಿ ಚಿತ್ರಗೀತೆಗಳ 45ರ ವೇಗದ ಇ.ಪಿ.ಗಳ ಪಾಲು ದೊಡ್ಡದು. ಪಿ.ಬಿ. ಶ್ರೀನಿವಾಸ್, ಎಸ್. ಜಾನಕಿ ಅವರ ಹಾಡುಗಳು ನಮ್ಮ ಮನೆಗಳಿಗೆ ಬಂದದ್ದು ಹೆಚ್ಚಾಗಿ ಈ ಏಳು ಇಂಚಿನ ತಟ್ಟೆಗಳಲ್ಲಿ, ಮತ್ತು ಅವುಗಳ ಜೊತೆಗೇ ಶಾಸ್ತ್ರೀಯ ಸಂಗೀತದ 33ರ ಎಲ್.ಪಿ.ಗಳೂ ಇರುತ್ತವೆ. ಪ್ಲೇನರ್ 1ರಲ್ಲಿ ವೇಗ ಬದಲಿಸಬೇಕೆಂದರೆ ಪ್ಲ್ಯಾಟರನ್ನೇ ಎತ್ತಿ ಬದಿಗಿಟ್ಟು, ಕೆಳಗಿನ ಪುಲ್ಲಿಯ ಮೇಲೆ ಬೆಲ್ಟನ್ನು ಕೈಯಿಂದ ಸರಿಸಿ, ಮತ್ತೆ ಕೂರಿಸಬೇಕು. ಎಲ್.ಪಿ. ಮಾತ್ರ ಕೇಳುವವರಿಗೆ ಇದೊಂದು ವಿಷಯವೇ ಅಲ್ಲ. ಒಂದು ಸಂಜೆಯಲ್ಲಿ ನಾಲ್ಕು ಇ.ಪಿ., ಒಂದು ಎಲ್.ಪಿ., ಮತ್ತೆರಡು ಇ.ಪಿ. ಎಂದು ಹಾಕುವ ಮನೆಯಲ್ಲಿ ಅದು ಬೇಸರ ತರಿಸುತ್ತದೆ. ಅಂಥ ಕಡೆ ಗುಂಡಿಯಿಂದ ವೇಗ ಬದಲಾಗುವ ಎಲ್‌ಪಿ120ಎಕ್ಸ್ ಅಥವಾ ಡೆಬ್ಯೂಟ್ ಕಾರ್ಬನ್ ಇವೊ ಸರಿಯಾದ ಆಯ್ಕೆ. ಹೊಸ ಎಲ್.ಪಿ.ಗಳನ್ನಷ್ಟೇ ಕೊಳ್ಳುತ್ತೇನೆ, ಯಂತ್ರ ಕಣ್ಣಿಗೂ ಅಂದವಾಗಿರಲಿ, ಹೆಚ್ಚು ತಿರುಪು ಗುಂಡಿಗಳು ಬೇಡ ಎನ್ನುವವರಿಗೆ ಪ್ಲೇನರ್ 1 ಬಹುಕಾಲದ ಸಂಗಾತಿ.

78ರ ವೇಗದ ಅರಗಿನ ತಟ್ಟೆಗಳು ಮನೆಯಲ್ಲಿದ್ದರೆ ಲೆಕ್ಕ ಇನ್ನೂ ಬೇರೆ. ಸೂಟ್‌ಕೇಸ್ ಪ್ಲೇಯರುಗಳ ಮೇಲೆ 78 ಎಂದು ಬರೆದಿರುತ್ತದೆ, ಪ್ಲ್ಯಾಟರ್ ಆ ವೇಗದಲ್ಲಿ ತಿರುಗುವುದೂ ನಿಜ, ಆದರೆ ಮುಳ್ಳು ಎಲ್.ಪಿ.ಯದೇ. ಎಲ್.ಪಿ.ಯ ಶಂಕುವಿನಾಕಾರದ ಮುಳ್ಳಿನ ತುದಿಯ ತ್ರಿಜ್ಯ ಸುಮಾರು 18 ಮೈಕ್ರಾನ್ ಆದರೆ 78ಕ್ಕೆ ಬೇಕಾದದ್ದು ಸುಮಾರು 75 ಮೈಕ್ರಾನ್. ಸಣ್ಣ ಮುಳ್ಳು ಅಗಲವಾದ ಗ್ರೂವಿನ ತಳದಲ್ಲಿ ಬಿದ್ದು ಧೂಳನ್ನು ಕೆದಕುತ್ತ ಹೋಗುತ್ತದೆ, ಸದ್ದಿಗಿಂತ ಸರಸರವೇ ಹೆಚ್ಚು. ಎಲ್‌ಪಿ120ಎಕ್ಸ್‌ನಲ್ಲಿ 78ರ ವೇಗವೂ ಇದೆ, ಅದರ ಕಾರ್ಟ್ರಿಜ್ಜಿಗೆ ವಿಎಂಎನ್95ಎಸ್‌ಪಿ ಎಂಬ 78ರ ಮುಳ್ಳನ್ನು ಹಾಕಿಕೊಳ್ಳಲೂ ಬರುತ್ತದೆ. ಭಾರತದಲ್ಲಿ 1960ರ ದಶಕದಲ್ಲೂ 78ರ ತಟ್ಟೆಗಳು ಹೊರಬರುತ್ತಿದ್ದ ಕಾರಣ ಅವು ಎಷ್ಟೋ ಮನೆಗಳ ಟ್ರಂಕುಗಳಲ್ಲಿ ಇನ್ನೂ ಇವೆ. ಅವುಗಳನ್ನು ಕೇಳುವ ಆಸೆಯಿರುವ ಮನೆಗೆ ಈ ಒಂದೇ ಕಾರಣಕ್ಕೆ ಎಲ್‌ಪಿ120ಎಕ್ಸ್ ಕೊಳ್ಳಿ ಎಂದು ಹೇಳಬಲ್ಲೆ.

ಬ್ಲೂಟೂತ್ ಬಗ್ಗೆ ಎರಡೇ ಮಾತು. ತಟ್ಟೆಯ ಸದ್ದನ್ನು ಡಿಜಿಟಲ್ ಮಾಡಿ, ಒತ್ತಿ ಕಿರಿದಾಗಿಸಿ ಕಳಿಸುವ ವ್ಯವಸ್ಥೆ ಅದು, ಹಾಗಾಗಿ ಸ್ವಲ್ಪ ಕಳೆದುಹೋಗುತ್ತದೆ. ಕೋಣೆಯಲ್ಲಿ ಇನ್ನೊಬ್ಬರಿದ್ದು ಹೆಡ್‌ಫೋನಿನಲ್ಲೇ ಕೇಳಬೇಕಾದವರಿಗೆ ಅದು ನಿಜವಾದ ಅನುಕೂಲ. ತಂತಿಯ ಹೊರದಾರಿಯೂ ಇರುವ ಮಾಡೆಲ್ಲನ್ನೇ ಕೊಂಡರೆ ಮುಂದೆ ದಾರಿ ಮುಚ್ಚುವುದಿಲ್ಲ.

ಹಳೆಯ ಯಂತ್ರಗಳ ಆಸೆ

ಬೆಂಗಳೂರಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಭಾನುವಾರದ ಸಂತೆಯಲ್ಲಿ ಓಡಾಡಿದವರಿಗೆ ಹಳೆಯ ಪ್ಲೇಯರುಗಳ ಸೆಳೆತ ಗೊತ್ತಿರುತ್ತದೆ. ಇಲ್ಲಿ ಎರಡು ಬಗೆಯವನ್ನು ಬೇರೆಯಾಗಿ ನೋಡಬೇಕು. ಎಚ್.ಎಂ.ವಿ. ಫಿಯೆಸ್ಟಾದಂಥ, ನಮ್ಮ ಹಿರಿಯರು ಪ್ರೀತಿಯಿಂದ ಕಾಪಾಡಿಕೊಂಡು ಬಂದ ಪೆಟ್ಟಿಗೆ ಪ್ಲೇಯರುಗಳು ಒಂದು ಬಗೆ. ಅವು ನೋಡಲು ಚೆಂದ, ಅವುಗಳೊಂದಿಗೆ ಬೆಳೆದವರಿಗೆ ಬೆಲೆ ಕಟ್ಟಲಾಗದವು. ಆದರೆ ಮುಳ್ಳಿನ ಭಾರದ ವಿಷಯದಲ್ಲಿ ಅವು ಇಂದಿನ ಸೂಟ್‌ಕೇಸ್ ಪ್ಲೇಯರಿನ ಬಂಧುಗಳೇ ಆದ್ದರಿಂದ ಸುಧಾರಣೆಗೆಂದು ಕೊಳ್ಳತಕ್ಕವಲ್ಲ. ಜಪಾನಿನ ಟೆಕ್ನಿಕ್ಸ್, ಪಯೋನಿಯರ್ ಮೊದಲಾದ ಕಂಪನಿಗಳು 1970, 80ರ ದಶಕಗಳಲ್ಲಿ ಮಾಡಿದ ಟರ್ನ್‌ಟೇಬಲ್‌ಗಳು ಇನ್ನೊಂದು ಬಗೆ. ಒಳ್ಳೆಯ ಸ್ಥಿತಿಯಲ್ಲಿ ಸಿಕ್ಕರೆ ಅದೇ ಬೆಲೆಯ ಹೊಸ ಯಂತ್ರವನ್ನು ಇವು ಹಿಂದೆ ಹಾಕುತ್ತವೆ.

‘ಒಳ್ಳೆಯ ಸ್ಥಿತಿ’ ಎಂಬ ಮಾತಿನಲ್ಲೇ ಎಲ್ಲ ಇದೆ. ಹೊರದೇಶದಿಂದ ಬಂದ ಯಂತ್ರವಾದರೆ ಹಿಂಬದಿಯ ಪಟ್ಟಿಯನ್ನು ಓದಲೇಬೇಕು. ಜಪಾನಿನ ಮನೆಬಳಕೆಯ ವಿದ್ಯುತ್ತು 100 ವೋಲ್ಟಿನದು, ಅಮೆರಿಕದ್ದು 120 ವೋಲ್ಟಿನದು, ನಮ್ಮದು 230. ಟ್ರಾನ್ಸ್‌ಫಾರ್ಮರ್ ಇಲ್ಲದೆ ಪ್ಲಗ್ಗಿಗೆ ಹಾಕಿದರೆ ಸುಟ್ಟುಹೋಗುತ್ತದೆ. ಟ್ರಾನ್ಸ್‌ಫಾರ್ಮರ್ ಹಾಕಿದರೂ ತೀರದ ಇನ್ನೊಂದು ತೊಡಕಿದೆ. ಅಮೆರಿಕದ 60 ಹರ್ಟ್ಸ್ ವಿದ್ಯುತ್ತಿಗೆಂದು ಮಾಡಿದ, ವಿದ್ಯುತ್ತಿನ ಆವರ್ತನವನ್ನೇ ನೆಚ್ಚಿಕೊಂಡು ತಿರುಗುವ ಹಳೆಯ ಎ.ಸಿ. ಮೋಟರ್ ನಮ್ಮ 50 ಹರ್ಟ್ಸ್‌ನಲ್ಲಿ ಆರರಲ್ಲಿ ಐದು ಪಾಲು ವೇಗಕ್ಕೆ ಇಳಿಯುತ್ತದೆ, ಹಾಡುಗಾರ್ತಿಯ ಧ್ವನಿ ಹಾಡುಗಾರನದಾಗುತ್ತದೆ. ಸ್ಫಟಿಕದ ನೆರವಿನಿಂದ ವೇಗ ಹಿಡಿದಿಡುವ ಕ್ವಾರ್ಟ್ಜ್ ಲಾಕ್ ಇರುವ ಡೈರೆಕ್ಟ್ ಡ್ರೈವ್ (ಬೆಲ್ಟ್ ಇಲ್ಲದ) ಯಂತ್ರಗಳಿಗೆ ಈ ತೊಡಕಿಲ್ಲ. ಕೊಳ್ಳುವ ಮೊದಲು ತೋಳನ್ನು ಬೆರಳಿನಿಂದ ಮೆಲ್ಲನೆ ಆಡಿಸಿ ನೋಡಿ, ಎಲ್ಲೂ ತಡೆಯದೆ ಚಲಿಸಬೇಕು; ಆ ಮಾಡೆಲ್ಲಿನ ಕಾರ್ಟ್ರಿಜ್ಜಿಗೆ ಮುಳ್ಳು ಈಗಲೂ ಸಿಗುತ್ತದೆಯೇ ಎಂದು ವಿಚಾರಿಸಿ; ಇರುವ ಮುಳ್ಳು ಎಷ್ಟೇ ಚೆನ್ನಾಗಿ ಕಂಡರೂ ಅದನ್ನು ಬದಲಿಸುವ ಖರ್ಚನ್ನು ಬೆಲೆಗೆ ಸೇರಿಸಿಕೊಳ್ಳಿ. ಜೊತೆಯಲ್ಲಿ ವಿಷಯ ತಿಳಿದವರೊಬ್ಬರು ಇಲ್ಲದಿದ್ದರೆ ಹೊಸಬರು ಹೊಸ ಯಂತ್ರವನ್ನೇ ಕೊಳ್ಳುವುದು ಮೇಲು.

ಹಣ ಹೋಗಬೇಕಾದ ಜಾಗ

ಈಗ ಸ್ಪೀಕರಿನ ಮಾತು. ಸೂಟ್‌ಕೇಸ್ ಪ್ಲೇಯರಿನ ಸ್ಪೀಕರುಗಳು ಅಂಗೈಗಿಂತ ಚಿಕ್ಕವು, ಒಂದಕ್ಕೊಂದು ಅಂಟಿಕೊಂಡಷ್ಟು ಹತ್ತಿರ ಇರುವುದರಿಂದ ಸ್ಟೀರಿಯೋ ಎಂಬುದೇ ಅಲ್ಲಿ ಹುಟ್ಟುವುದಿಲ್ಲ, ಮೃದಂಗದ ತೊಪ್ಪಿಯ ಕಡೆಯ ನಾದ ಕೇಳಿಸುವುದೇ ಇಲ್ಲ. ಒಂದು ಜೊತೆ ಸಾಧಾರಣ ಸ್ಪೀಕರುಗಳನ್ನು ಆರೇಳು ಅಡಿ ಅಂತರದಲ್ಲಿಟ್ಟು ಅದೇ ತಟ್ಟೆಯನ್ನು ಕೇಳಿಸಿ. ಹಾಡುಗಾರ್ತಿ ನಡುವೆ ನಿಂತು, ಪಿಟೀಲು ಒಂದು ಬದಿಗೆ, ಮೃದಂಗ ಇನ್ನೊಂದು ಬದಿಗೆ ಸರಿದುಕೊಂಡದ್ದನ್ನು ಕೇಳಿದ ಮಗುವಿಗೆ, ಇಷ್ಟು ದಿನ ಕಾಣೆಯಾಗಿದ್ದದ್ದು ಏನೆಂಬುದನ್ನು ಬಾಯಿಬಿಟ್ಟು ವಿವರಿಸಬೇಕಾಗುವುದಿಲ್ಲ.

ಇಲ್ಲಿರುವುದು ಎರಡು ದಾರಿ. ಆ್ಯಂಪ್ಲಿಫೈಯರನ್ನು ಒಳಗೇ ಇಟ್ಟುಕೊಂಡ ಪವರ್ಡ್ ಸ್ಪೀಕರುಗಳು ಮೊದಲನೆಯದು. ಎಡಿಫೈಯರ್ ಆರ್1280ಟಿ ಇದಕ್ಕೆ ಒಳ್ಳೆಯ ಉದಾಹರಣೆ: 4 ಇಂಚಿನ ವೂಫರ್ (ಮಂದ್ರ ಸ್ವರಗಳ ಸ್ಪೀಕರ್), ಎರಡೂ ಸೇರಿ 42 ವಾಟ್, ಎರಡು ಜೊತೆ ಆರ್‌ಸಿಎ ಒಳದಾರಿ. ಟರ್ನ್‌ಟೇಬಲ್ಲಿನಲ್ಲಿ ಪ್ರಿಆ್ಯಂಪ್ ಇದ್ದರೆ ಒಂದು ತಂತಿ ಸಿಕ್ಕಿಸಿದೊಡನೆ ಕೆಲಸ ಮುಗಿಯಿತು. ಹತ್ತಡಿ ಹನ್ನೆರಡಡಿಯ ಕೋಣೆಗೆ ಇದು ಧಾರಾಳ. ಆ್ಯಂಪ್ಲಿಫೈಯರ್ ಒಂದು, ಸ್ಪೀಕರುಗಳು ಬೇರೊಂದು ಎಂದು ಕೊಳ್ಳುವುದು ಎರಡನೆಯ ದಾರಿ. ಜಾಗ ಹೆಚ್ಚು ಬೇಕು, ತಂತಿಗಳು ಹೆಚ್ಚು, ಮೊದಲ ಖರ್ಚೂ ಹೆಚ್ಚು. ಆದರೆ ಮುಂದೆ ಒಂದೊಂದನ್ನೇ ಬಿಡಿಯಾಗಿ ಬದಲಿಸುತ್ತ ಹೋಗಬಹುದು. ಕೋಲ್ಕತ್ತದ ಸೋನೋಡೈನ್, ಮುಂಬೈಯ ಕಾಸ್ಮಿಕ್ ಮುಂತಾದ ನಮ್ಮ ದೇಶದ ಕಂಪನಿಗಳ ಹಳೆಯ ಆ್ಯಂಪ್ಲಿಫೈಯರುಗಳು ಈಗಲೂ ಕೈಬದಲಾಗುತ್ತಿರುತ್ತವೆ, ಆ ಕಾಲದ ಆ್ಯಂಪ್ಲಿಫೈಯರುಗಳಲ್ಲಿ ಪ್ರಿಆ್ಯಂಪ್ ಸೇರಿಯೇ ಬರುವ ಫೋನೋ ಒಳದಾರಿ ಇರುವುದು ಸಾಮಾನ್ಯ, ಅದು ಪ್ರಿಆ್ಯಂಪಿನ ಖರ್ಚನ್ನು ಉಳಿಸುತ್ತದೆ. ಹಳೆಯದಾದ ಕೆಪಾಸಿಟರುಗಳನ್ನು ಬದಲಿಸಬಲ್ಲ ರಿಪೇರಿಯವರು ಊರಿನಲ್ಲಿದ್ದರೆ ಮಾತ್ರ ಆ ದಾರಿಗೆ ಕೈಹಾಕಿ.

ವಿದ್ಯಾರ್ಥಿ ಮನೆಯಲ್ಲೇ ಇದ್ದು, ಸ್ವಂತ ಕೋಣೆಯಿದ್ದು, ಈ ಹವ್ಯಾಸ ಇನ್ನೂ ಹತ್ತು ವರ್ಷ ಉಳಿಯುವ ಲಕ್ಷಣ ಕಂಡರೆ ಎರಡನೆಯ ದಾರಿ ವಾಸಿ. ವರ್ಷಕ್ಕೊಮ್ಮೆ ಕೋಣೆ ಬದಲಿಸಬೇಕಾದವರಿಗೆ ಪವರ್ಡ್ ಸ್ಪೀಕರ್. ಸ್ಪೀಕರಿಗೆ ಜಾಗವೇ ಇಲ್ಲದ ಪಿ.ಜಿ. ವಾಸಿಗಳಿಗೆ ತಂತಿಯ ಒಳ್ಳೆಯ ಹೆಡ್‌ಫೋನ್ ಮತ್ತು ಅದನ್ನು ನಡೆಸಲು ಒಂದು ಪುಟ್ಟ ಹೆಡ್‌ಫೋನ್ ಆ್ಯಂಪ್ಲಿಫೈಯರ್ ಸಾಕು, ಅಲ್ಪ ಹಣದಲ್ಲಿ ಅಷ್ಟು ವಿವರ ಕೇಳಿಸುವ ಬೇರೆ ಮಾರ್ಗವಿಲ್ಲ. ಇವೆಲ್ಲಕ್ಕೂ ಮೊದಲು ಮನೆಯನ್ನೊಮ್ಮೆ ನೋಡಿಕೊಳ್ಳಿ. ಟಿ.ವಿ. ಪಕ್ಕದಲ್ಲಿ ಹೋಮ್ ಥಿಯೇಟರ್ ಇದ್ದು ಅದಕ್ಕೆ ಹೊರಗಿನ ಸಾಧನ ಜೋಡಿಸುವ ಆಕ್ಸ್ ಒಳದಾರಿ ಇದ್ದರೆ, ಅದನ್ನು ಸ್ಟೀರಿಯೋ ಸ್ಥಿತಿಗೆ ತಿರುಗಿಸಿ ಟರ್ನ್‌ಟೇಬಲ್ ಜೋಡಿಸಿ ಕೆಲವು ತಿಂಗಳು ಕೇಳಲಿ. ಸ್ಪೀಕರಿನ ಹಣವನ್ನು ಆಮೇಲೆ ಹೊಂದಿಸಬಹುದು.

ಒಟ್ಟು ಹಣವನ್ನು ಹತ್ತು ಪಾಲು ಮಾಡಿದರೆ ನಾಲ್ಕು ಪಾಲು ಟರ್ನ್‌ಟೇಬಲ್ಲಿಗೆ, ಐದು ಪಾಲು ಸ್ಪೀಕರಿಗೆ, ಒಂದು ಪಾಲು ತಕ್ಕಡಿ, ಬ್ರಷ್, ಒಳಚೀಲಗಳಿಗೆ ಎಂಬುದು ನಾನು ಹೇಳುವ ಲೆಕ್ಕ. ಸ್ಪೀಕರುಗಳನ್ನು ಟರ್ನ್‌ಟೇಬಲ್ ಇರುವ ಮೇಜಿನ ಮೇಲೇ ಇಡಬಾರದು. ಸ್ಪೀಕರಿನ ಅದುರು ಮೇಜಿನ ಮೂಲಕ ಮುಳ್ಳಿಗೆ ತಲುಪಿ, ಮುಳ್ಳು ಅದನ್ನೂ ಹಾಡೆಂದೇ ಎತ್ತಿಕೊಂಡು ಮತ್ತೆ ಸ್ಪೀಕರಿಗೆ ಕಳಿಸುತ್ತದೆ. ಮಣೆ ಹಾಸಿದ ಅಟ್ಟದ ನೆಲವಿರುವ ಹಳೆಯ ಮನೆಗಳಲ್ಲಿ ನಡೆದಾಡಿದರೂ ಮುಳ್ಳು ಹಾರುತ್ತದೆ, ಅಲ್ಲಿ ಗೋಡೆಗೆ ಹೊಡೆದ ಹಲಗೆಯ ಮೇಲೆ ಇಡುವುದು ಒಳಿತು.

ಜೋಡಿಸುವಾಗ ಆಗುವ ಗೊಂದಲ

ಪ್ರಿಆ್ಯಂಪ್ ಇರುವ ಟರ್ನ್‌ಟೇಬಲ್ಲಿನ ಗುಂಡಿಗೆ ಇರುವ ಫೋನೋ (ಒಳಗಿನ ಪ್ರಿಆ್ಯಂಪ್ ಬಳಸದ), ಲೈನ್ (ಅದನ್ನು ಬಳಸುವ) ಎಂಬ ಎರಡು ಸ್ಥಿತಿಗಳ ಅರ್ಥವನ್ನು ಮಗುವಿಗೆ ಕೂರಿಸಿಕೊಂಡು ವಿವರಿಸಬೇಕು. ತಟ್ಟೆಯನ್ನು ಕೊರೆಯುವಾಗ ಮಂದ್ರ ಸ್ವರಗಳನ್ನು ಕುಗ್ಗಿಸಿ, ಮೇಲಿನ ಸ್ವರಗಳನ್ನು ಹಿಗ್ಗಿಸಿರುತ್ತಾರೆ. ಮಂದ್ರವನ್ನು ಹಾಗೆಯೇ ಬಿಟ್ಟರೆ ಗ್ರೂವ್ ಅಗಲವಾಗಿ ಹೊಯ್ದಾಡಿ ತಟ್ಟೆಯಲ್ಲಿ ಹಾಡಿಗೆ ಜಾಗ ಸಾಲುವುದಿಲ್ಲ, ಮೇಲ್‌ಸ್ಥಾಯಿಯನ್ನು ಹಿಗ್ಗಿಸಿದರೆ ತಟ್ಟೆಯ ಸರಸರ ಅದರಡಿ ಅಡಗುತ್ತದೆ. ಆರ್‌ಐಎಎ ಎಂದು ಕರೆಯುವ ಈ ಏರ್ಪಾಡನ್ನು ತಿರುಗಿಸಿ ಮೊದಲಿನಂತೆ ಮಾಡುವುದೂ, ಕೆಲವೇ ಮಿಲಿವೋಲ್ಟಿನ ಸಂಕೇತವನ್ನು ಹಿಗ್ಗಿಸುವುದೂ ಪ್ರಿಆ್ಯಂಪಿನ ಕೆಲಸ. ದಾರಿಯಲ್ಲಿ ಇದು ಒಮ್ಮೆ, ಒಮ್ಮೆ ಮಾತ್ರ ಆಗಬೇಕು. ಟರ್ನ್‌ಟೇಬಲ್ಲನ್ನು ಫೋನೋದಲ್ಲಿಟ್ಟು ಸ್ಪೀಕರಿನ ಆಕ್ಸ್‌ಗೆ ಸಿಕ್ಕಿಸಿದರೆ ಸದ್ದು ಕ್ಷೀಣವಾಗಿ, ಸೀಳಾಗಿ ಬರುತ್ತದೆ; ಲೈನ್‌ನಲ್ಲಿಟ್ಟು ಆ್ಯಂಪ್ಲಿಫೈಯರಿನ ಫೋನೋಗೆ ಸಿಕ್ಕಿಸಿದರೆ ಒಡೆದು ಗೊಗ್ಗರಾಗಿ ಅಬ್ಬರಿಸುತ್ತದೆ. ಯಂತ್ರ ಕೆಟ್ಟಿದೆ ಎಂದು ಹಿಂದಕ್ಕೆ ಕಳಿಸುವ ಮೊದಲು ಈ ಗುಂಡಿಯನ್ನು ನೋಡಬೇಕು. ಗುಂಯ್ ಎನ್ನುವ ಸದ್ದು ಬಿಡದಿದ್ದರೆ, ಟರ್ನ್‌ಟೇಬಲ್ಲಿಗೆ ನೆಲತಂತಿ ಇದ್ದಲ್ಲಿ ಅದನ್ನು ಆ್ಯಂಪ್ಲಿಫೈಯರಿನ ತಿರುಪಿಗೆ ಬಿಗಿಯಬೇಕು. ಕರೆಂಟು ಹೋಗಿ ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ನಡೆಯುತ್ತಿರುವಾಗ ಬರುವ ಗುಂಯ್‌ಗೆ ಇನ್ವರ್ಟರೇ ಕಾರಣವಾಗಿರಬಹುದು. ಬೇರೆಯಾಗಿ ಒಳ್ಳೆಯ ಪ್ರಿಆ್ಯಂಪ್ ಕೊಳ್ಳುವುದು ಪಟ್ಟಿಯ ಕೊನೆಯಲ್ಲಿರಲಿ. ಒಳಗಿನದೇ ಆರಂಭಕ್ಕೆ ಸಾಕು.

ಮುಳ್ಳು: ಎರಡನೆಯ ವರ್ಷದ ಸುಧಾರಣೆ

ಟರ್ನ್‌ಟೇಬಲ್ ಮತ್ತು ಸ್ಪೀಕರ್ ನೆಲೆಗೊಂಡ ಮೇಲೆ ಮುಂದಿನ ಖರ್ಚು ಮುಳ್ಳಿನದು. ಎಟಿ-ವಿಎಂ95 ಸರಣಿಯ ಒಳ್ಳೆಯ ಗುಣವೆಂದರೆ ಕಾರ್ಟ್ರಿಜ್ಜಿನ ಒಡಲು ಒಂದೇ ಇದ್ದು ಮುಳ್ಳುಗಳು ಮಾತ್ರ ಬೇರೆ ಬೇರೆ: ಶಂಕುವಿನಾಕಾರದ ಕೋನಿಕಲ್, ಅಂಡಾಕಾರದ ಎಲಿಪ್ಟಿಕಲ್, ಅದಕ್ಕಿಂತ ಸೂಕ್ಷ್ಮವಾದ ಮೈಕ್ರೋಲೀನಿಯರ್ ಮತ್ತು ಶಿಬಾಟಾ. ಕಂಪನಿ ಹೇಳುವ ಆಯುಸ್ಸು ಕೋನಿಕಲ್‌ಗೆ 500 ಗಂಟೆ, ಎಲಿಪ್ಟಿಕಲ್‌ಗೆ 300, ಮೈಕ್ರೋಲೀನಿಯರ್‌ಗೆ 1000. ದಿನಕ್ಕೊಂದು ಎಲ್.ಪಿ., ಅಂದರೆ 40 ನಿಮಿಷ ಕೇಳುವವರಿಗೆ ಕೋನಿಕಲ್ ಎರಡು ವರ್ಷ, ಎಲಿಪ್ಟಿಕಲ್ ಒಂದೂಕಾಲು ವರ್ಷ, ಮೈಕ್ರೋಲೀನಿಯರ್ ನಾಲ್ಕು ವರ್ಷ ಬಂತೆಂದಾಯಿತು. ಹಾಗಾಗಿ ಮೈಕ್ರೋಲೀನಿಯರ್ ಬೆಲೆ ನೋಡಿ ಬೆಚ್ಚುವ ಮೊದಲು ಗಂಟೆಯ ಲೆಕ್ಕ ಹಾಕಿ ನೋಡಬೇಕು.

ಮುಳ್ಳಿನ ಆಕಾರ ಯಾಕೆ ಮುಖ್ಯ ಎಂಬುದು ಕೊನೆಯ ಹಾಡಿನಲ್ಲಿ ಗೊತ್ತಾಗುತ್ತದೆ. 33ರ ವೇಗದ ಎಲ್.ಪಿ.ಯ ಅಂಚಿನಲ್ಲಿ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗ್ರೂವ್ ಸರಿಯುತ್ತದೆ. ಲೇಬಲ್ಲಿನ ಹತ್ತಿರ ಬರುವಷ್ಟರಲ್ಲಿ ಅದು ಸುಮಾರು 20ಕ್ಕೆ ಇಳಿಯುತ್ತದೆ. ಅದೇ ಒಂದು ಸೆಕೆಂಡಿನ ಹಾಡು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಮುದುಡಿಕೊಂಡಿರುವುದರಿಂದ ದಪ್ಪ ತುದಿಯ ಮುಳ್ಳು ಅಲ್ಲಿನ ತಿರುವುಗಳನ್ನು ಹಿಡಿಯಲಾರದೆ ಹೋಗುತ್ತದೆ. ಪರೀಕ್ಷಿಸಲು ಹೆಣ್ಣುದನಿಯ ಹಾಡೊಂದು ಬದಿಯ ಕೊನೆಯಲ್ಲಿರುವ ತಟ್ಟೆಯನ್ನು ಹಾಕಿ ಸ, ಶ, ಚ ಅಕ್ಷರಗಳನ್ನು ಗಮನವಿಟ್ಟು ಕೇಳಿ. ಮೊದಲ ಹಾಡಿನಲ್ಲಿ ಶುದ್ಧವಾಗಿದ್ದ ‘ಸ’ ಕೊನೆಯ ಹಾಡಿನಲ್ಲಿ ಉಗುಳು ಹಾರಿದಂತೆ ಸಿಡಿಯುತ್ತಿದ್ದರೆ ಮುಳ್ಳು ಸವೆದಿರಬೇಕು, ಕಾರ್ಟ್ರಿಜ್ ಕೋನ ತಪ್ಪಿರಬೇಕು, ಇಲ್ಲವೇ ಆ ತಟ್ಟೆಯೇ ಹಿಂದೆ ಭಾರದ ಮುಳ್ಳಿನಡಿ ನಲುಗಿರಬೇಕು. ಬೇರೆ ಬೇರೆ ಮೂರು ತಟ್ಟೆಗಳನ್ನು ಹಾಕಿ ನೋಡಿ; ಮೂರರಲ್ಲೂ ಹಾಗೆಯೇ ಕೇಳಿಸಿದರೆ ತಪ್ಪು ಯಂತ್ರದ್ದು, ಒಂದರಲ್ಲಿ ಮಾತ್ರವಾದರೆ ತಟ್ಟೆಯದು.

ಎಲ್‌ಪಿ60ಎಕ್ಸ್ ಇರುವವರಿಗೆ ಇಷ್ಟು ಆಯ್ಕೆಗಳಿಲ್ಲ. ಅದರ ಎಟಿಎನ್3600ಎಲ್ ಮುಳ್ಳು ಕೋನಿಕಲ್, ಅಗ್ಗವಾಗಿಯೇ ಸಿಗುತ್ತದೆ. ಬೇರೆ ಕಂಪನಿಗಳು ಅದಕ್ಕೆ ಹೊಂದುವ ಎಲಿಪ್ಟಿಕಲ್ ಮುಳ್ಳುಗಳನ್ನೂ ಮಾಡುತ್ತವೆ. ಮನೆಯಲ್ಲಿರುವುದು ಬಹುಪಾಲು ಸವೆದ ಹಳೆಯ ಇ.ಪಿ.ಗಳೇ ಆದರೆ ಕೋನಿಕಲ್ಲೇ ಇರಲಿ, ಅಂಥ ತಟ್ಟೆಗಳ ಗದ್ದಲವನ್ನು ಅದು ಕಡಿಮೆ ಎತ್ತಿ ತೋರಿಸುತ್ತದೆ.

ಹೊಸ ಮುಳ್ಳಿಗೆ ಹಣ ಹಾಕುವ ಮೊದಲು ತಟ್ಟೆ ತೊಳೆಯಬೇಕು. ಕರಾವಳಿ, ಮಲೆನಾಡಿನ ಮನೆಗಳಿಂದ ಬಂದ ತಟ್ಟೆಗಳ ಮೇಲೆ ಬೂಷ್ಟು ಹಿಡಿದಿರುವುದು ಸಾಮಾನ್ಯ, ಅದು ಒಣ ಬ್ರಷ್ಷಿಗೆ ಹೋಗುವುದಿಲ್ಲ. ಡಿಸ್ಟಿಲ್ಡ್ ವಾಟರಿಗೆ ಒಂದೆರಡು ಹನಿ ಮೃದುವಾದ ಸೋಪಿನ ದ್ರವ ಸೇರಿಸಿ, ಲೇಬಲ್ಲಿಗೆ ತಾಗದಂತೆ, ಗ್ರೂವಿನ ಸುತ್ತಿನ ದಿಕ್ಕಿನಲ್ಲೇ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ, ಆಮೇಲೆ ಬರೀ ಡಿಸ್ಟಿಲ್ಡ್ ವಾಟರಿನಿಂದ ಇನ್ನೊಮ್ಮೆ ಒರೆಸಿ ನೆರಳಿನಲ್ಲಿ ಒಣಗಿಸಬೇಕು. 78ರ ತಟ್ಟೆಗಳಿಗೆ ಆಲ್ಕೋಹಾಲ್ ಇರುವ ಯಾವ ದ್ರವವನ್ನೂ ಸೋಕಿಸಕೂಡದು, ಅರಗು ಅದರಲ್ಲಿ ಕರಗುತ್ತದೆ. ವಿನೈಲ್ ತಟ್ಟೆಗಳಿಗೆ ಪ್ರತಿ ಸಲ ಹಾಕುವ ಮೊದಲು ಕಾರ್ಬನ್ ಫೈಬರ್ ಬ್ರಷ್ ಹಿಡಿದರೆ ಧೂಳಷ್ಟೇ ಅಲ್ಲ, ಚಟಪಟ ಎನ್ನುವ ಸ್ಥಾಯೀ ವಿದ್ಯುತ್ತೂ ತಗ್ಗುತ್ತದೆ. ದುಬಾರಿ ತಂತಿಗಳು, ಲೋಹದ ತೂಕಗಳು ಇತ್ಯಾದಿಗಳಿಗೆ ಈ ಹಂತದಲ್ಲಿ ಒಂದು ರೂಪಾಯಿಯನ್ನೂ ಕೊಡಬೇಡಿ.

ಯಂತ್ರ ಮನೆಗೆ ಬಂದ ದಿನ ಹಿರಿಯರು ಜೊತೆಗೆ ಕೂರುವುದು ಒಳ್ಳೆಯದು. ಮೊದಲು ಮೇಜು ಸಮತಟ್ಟಾಗಿದೆಯೇ ನೋಡಿ. ಕೌಂಟರ್‌ವೇಟ್ ಇರುವ ಮಾಡೆಲ್ಲಾದರೆ ಆ್ಯಂಟಿ-ಸ್ಕೇಟನ್ನು ಸೊನ್ನೆಗಿಟ್ಟು, ಮುಳ್ಳು ಎಲ್ಲಿಗೂ ತಾಗದಂತೆ ನೋಡಿಕೊಂಡು, ತೋಳು ಗಾಳಿಯಲ್ಲಿ ಸಮವಾಗಿ ತೇಲಿ ನಿಲ್ಲುವವರೆಗೆ ತೂಕವನ್ನು ತಿರುಗಿಸಬೇಕು. ಅಲ್ಲಿ ಅಂಕಿಯ ಬಳೆಯನ್ನು ಮಾತ್ರ ಸೊನ್ನೆಗೆ ತಂದು, ಬಳಿಕ ತೂಕ, ಬಳೆ ಎರಡನ್ನೂ ಒಟ್ಟಿಗೆ ತಿರುಗಿಸಿ ಕಾರ್ಟ್ರಿಜ್ಜಿಗೆ ಹೇಳಿದ ಭಾರಕ್ಕೆ ತರಬೇಕು. ಎಟಿ-ವಿಎಂ95ಇಗೆ ಅದು 2 ಗ್ರಾಮ್. ತಕ್ಕಡಿಯಿಂದ ಸರಿನೋಡಿಕೊಂಡು, ಆ್ಯಂಟಿ-ಸ್ಕೇಟನ್ನೂ ಅದೇ ಅಂಕಿಗೆ ಇಡಬೇಕು. ಈ ಕೆಲಸವನ್ನು ನೀವು ಒಮ್ಮೆ ಮಾಡಿ ತೋರಿಸಿ, ತೂಕವನ್ನು ಮತ್ತೆ ಬಿಚ್ಚಿ, ಮಗುವಿನ ಕೈಯಿಂದಲೇ ಇನ್ನೊಮ್ಮೆ ಮಾಡಿಸಿ. ರಟ್ಟಿನ ಪೆಟ್ಟಿಗೆ ಮತ್ತು ಥರ್ಮೋಕೋಲ್ ಅಚ್ಚುಗಳನ್ನು ಎಸೆಯದೆ ಅಟ್ಟಕ್ಕೆ ಹಾಕಿ. ಕಾಲೇಜಿಗೆಂದು ಊರು ಬದಲಿಸುವಾಗ ಪ್ಲ್ಯಾಟರ್, ಕೌಂಟರ್‌ವೇಟ್ ಎರಡನ್ನೂ ಕಳಚಿ, ಮುಳ್ಳಿಗೆ ಅದರ ಮುಚ್ಚಳ ಹಾಕಿ, ತೋಳನ್ನು ಕಟ್ಟಿ, ಅದೇ ಪೆಟ್ಟಿಗೆಯಲ್ಲಿ ಸಾಗಿಸಬೇಕಾಗುತ್ತದೆ.